ಹಳದಿ ಛತ್ರಿಯ ಸಿನಿಮಾ

"ಆಯ್ತಾ? ಇಷ್ಟೇನಾ?"

ಸೂಜಿ ಅಕ್ಕನ ಕುರ್ಚಿಯಿಂದ ಏಳುವವರೆಲ್ಲ ಆಡುವ ಮಾತು ಇದೊಂದೇ. ಬರುವಾಗ ಮುಖ ಹುಳ್ಳಗೆ ಮಾಡಿಕೊಂಡು, "ನೀವು ಮೊದಲು ಹೋಗಿ, ನನಗೇನೂ ಅರ್ಜೆಂಟಿಲ್ಲ" ಎಂದು ಎಂದೂ ಇಲ್ಲದ ದೊಡ್ಡ ಮನಸ್ಸು ತೋರಿಸುವ ಜನ, ಹೋಗುವಾಗ ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು, ಏನೋ ಮೋಸ ಹೋದವರ ಹಾಗೆ ಇದನ್ನೇ ಕೇಳುತ್ತಾರೆ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ಈ ಮಾತು ದಿನವಿಡೀ ಬರುತ್ತದೆ. ಸೂಜಿ ಅಕ್ಕನಿಗೆ ಎರಡನೆಯದರ ರುಚಿಯೇ ಹೆಚ್ಚು.

ಅವಳ ಕೆಲಸ ರಕ್ತ ತೆಗೆಯುವುದು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಲ್ಯಾಬು. ಹೊರಗಿನ ಬೆಂಚಿನಲ್ಲಿ ಬೆಳಿಗ್ಗೆಯಿಂದ ಹಸಿದುಕೊಂಡು ಬಂದವರ ಸಾಲು, ಒಳಕೋಣೆಯಲ್ಲಿ ಅಗಲ ಕೈಯ ಒಂದು ಕುರ್ಚಿ, ಪಕ್ಕದ ಮೇಜಿನ ಮೇಲೆ ಕೆಂಪು, ನೇರಳೆ, ಬೂದು ಮುಚ್ಚಳದ ಪುಟ್ಟ ಕೊಳವೆಗಳು, ಹತ್ತಿಯ ಡಬ್ಬಿ, ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ. ಇಷ್ಟು ಸಾಮಾನು ಎಲ್ಲ ಲ್ಯಾಬಿನಲ್ಲೂ ಇರುತ್ತದೆ. ಇಲ್ಲಿ ಹೆಚ್ಚಿಗೆ ಇದ್ದದ್ದು ಅವಳ ಪ್ರಶ್ನೆಗಳು.

ಪಟ್ಟಿ ಬಿಗಿಯುತ್ತಾ ಅವಳು ಕೇಳುತ್ತಾಳೆ, "ಜಿರಾಫೆ ಕುತ್ತಿಗೆ ಅಷ್ಟುದ್ದ ಇದೆಯಲ್ಲ, ಅದರಲ್ಲಿ ಮೂಳೆ ಎಷ್ಟಿರಬಹುದು ಹೇಳಿ ನೋಡೋಣ?" ಕೂತವರ ಕಣ್ಣು ತಾನಾಗಿ ಗೋಡೆಯ ಮೇಲಿನ ಮೂಲೆಗೆ ಹೋಗುತ್ತದೆ. ಉತ್ತರ ಹುಡುಕುವ ಮನುಷ್ಯ ಸೂಜಿ ನೋಡುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವ ಶಕ್ತಿಯನ್ನು ದೇವರು ಯಾರಿಗೂ ಕೊಟ್ಟ ಹಾಗಿಲ್ಲ. ಅವರು "ಐವತ್ತು?" ಅನ್ನುವಷ್ಟರಲ್ಲಿ ಕೊಳವೆ ತುಂಬಿ, ಸೂಜಿ ಹೊರಗೆ ಬಂದು, ಹತ್ತಿ ಕೂತಿರುತ್ತದೆ. ಆಮೇಲೆ ಅವಳು ಹೇಳುತ್ತಾಳೆ, "ಏಳು. ನಿಮ್ಮ ಕುತ್ತಿಗೆಯಲ್ಲೂ ಏಳೇ."

ಯಾರ ತಲೆಗೆ ಯಾವ ಹುಳ ಬಿಡಬೇಕೆಂಬುದು ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ಮಕ್ಕಳಾದರೆ ಪ್ರಾಣಿಗಳು: ಚಿಟ್ಟೆ ರುಚಿ ನೋಡೋದು ಯಾವುದರಿಂದ? ಕಾಲಿನಿಂದ. ಹರೆಯದವರಾದರೆ ಸಿನಿಮಾ: ಹಳೇ ಪಿಕ್ಚರಿನಲ್ಲಿ ಕುದುರೆ ಓಡುವ ಸದ್ದು ಯಾವುದರಲ್ಲಿ ಮಾಡ್ತಿದ್ರು? ತೆಂಗಿನ ಚಿಪ್ಪಿನಲ್ಲಿ. ವಯಸ್ಸಾದವರಾದರೆ ಪದಗಳು. "ಹೆಬ್ಬೆರಳಿಂದ ಕಿರುಬೆರಳ ತನಕ ಚಾಚಿದ್ರೆ ಗೇಣು, ಸರಿ. ತೋರುಬೆರಳ ತನಕ ಚಾಚಿದ್ರೆ ಏನು?" ಅಜ್ಜ ತನ್ನ ಇನ್ನೊಂದು ಕೈ ಎತ್ತಿ ಬೆರಳು ಚಾಚಿ ನೋಡಿಕೊಳ್ಳುತ್ತಾನೆ, ಅಜ್ಜಿ ಏನೋ ಗೊಣಗುತ್ತಾಳೆ, ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಚೋಟು ಎಂದು ಹೇಳಿದ ಕೂಡಲೇ "ಅಯ್ಯೋ, ಗೊತ್ತಿತ್ತು ಕಣಮ್ಮ!" ಎಂದು ಹಣೆ ಚಚ್ಚಿಕೊಳ್ಳುವುದಂತೂ ಖಾತ್ರಿ. ತೀರಾ ಅಂಜುಬುರುಕರಿಗೆ ಮಾತ್ರ ಅವಳು ರಕ್ತದ್ದೇ ಪ್ರಶ್ನೆ ಇಟ್ಟುಕೊಂಡಿದ್ದಳು. ಆಕ್ಟೋಪಸ್ಸಿನ ರಕ್ತ ನೀಲಿ, ಹೆಪ್ಪುಗಟ್ಟುವ ಚಳಿಯ ಕಡಲಲ್ಲಿ ಬದುಕುವ ಒಂದು ಮೀನಿಗೆ ಬಣ್ಣವೇ ಇಲ್ಲದ, ನೀರಿನಂಥ ರಕ್ತ. ಅದನ್ನು ಕೇಳಿದವರು ತಮ್ಮ ಕೊಳವೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ನೋಡುತ್ತಿದ್ದರು.

ಅವಳ ನಿಯಮ ಎರಡು. ಒಂದು, ಪ್ರಶ್ನೆ ತೀರಾ ಸುಲಭ ಆಗಬಾರದು, ತೀರಾ ಕಷ್ಟವೂ ಆಗಬಾರದು. ಸುಲಭವಾದರೆ ಸೂಜಿಗಿಂತ ಮೊದಲೇ ಉತ್ತರ ಬಂದುಬಿಡುತ್ತದೆ, ಕಷ್ಟವಾದರೆ ಜನ ಕೈಚೆಲ್ಲಿ ಸೂಜಿಯನ್ನೇ ನೋಡುತ್ತಾರೆ. ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುವಂಥದ್ದು ಬೇಕು. ಎರಡನೆಯದು, ಹತ್ತಿ ಒತ್ತಿದ ಮೇಲೇ ಉತ್ತರ. ಎಷ್ಟು ಗೋಗರೆದರೂ ಮೊದಲು ಹೇಳುವವಳಲ್ಲ.

ಈ ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪ ಶಾಲೆಯ ವ್ಯಾನು ಓಡಿಸುತ್ತಿದ್ದ. ಹಿಂದೆ ಮಕ್ಕಳು ಜುಟ್ಟು ಹಿಡಿದು ಜಗಳಕ್ಕೆ ನಿಂತರೆ ಅವನು ತಿರುಗಿಯೂ ನೋಡದೆ ಒಂದು ಪ್ರಶ್ನೆ ಎಸೆಯುತ್ತಿದ್ದ. "ಬೈದ್ರೆ ಒಂದು ನಿಮಿಷ ಸುಮ್ಮನಿರ್ತವೆ, ಪ್ರಶ್ನೆ ಕೇಳಿದ್ರೆ ಮುಂದಿನ ಸ್ಟಾಪ್ ತನಕ" ಅನ್ನುವುದು ಅವನ ಅನುಭವ. ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದ ಮಗಳು ಪಾಠದ ಪುಸ್ತಕದಲ್ಲಿ ಏನು ಓದಿದಳೋ ಬಿಟ್ಟಳೋ, ಶುಕ್ರಗ್ರಹದಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ಉದ್ದ ಎಂಬುದನ್ನು ಮಾತ್ರ ಮರೆಯಲಿಲ್ಲ.

ಗಂಡ ಸಿಕ್ಕಿದ್ದೂ ಇದೇ ಕುರ್ಚಿಯಲ್ಲಿ. ಅವನು ಲಿಫ್ಟ್ ಮೆಕ್ಯಾನಿಕ್. ಎಂಟನೇ ಮಹಡಿಯ ಬಾವಿಯಂಥ ಕತ್ತಲೆಯಲ್ಲಿ ಹಗ್ಗ ಹಿಡಿದು ನೇತಾಡುವ ಧೀರ, ರಬ್ಬರ್ ಪಟ್ಟಿ ಕಂಡ ಕೂಡಲೇ ಬೆವರಿ, ಜಿರಾಫೆಯ ಮೂಳೆ ಎಣಿಸುವ ಮೊದಲೇ ಕುರ್ಚಿಯಲ್ಲಿ ಜಾರಿ ಮೂರ್ಛೆ ಹೋದ. ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟು ಅವನು ಕೇಳಿದ್ದು, "ಮೂಳೆ ಎಷ್ಟು ಅಂದ್ರಿ?" ಎಂದು. ಅವಳು ಬಿಟ್ಟಳೇ? "ಇನ್ನೂ ರಕ್ತ ಕೊಟ್ಟಿಲ್ಲ ನೀವು. ಹತ್ತಿ ಒತ್ತಿದ ಮೇಲೇ ಉತ್ತರ." ಆ ಉತ್ತರಕ್ಕಾಗಿ ಅವನು ಮತ್ತೆರಡು ಸಲ ಬಂದ, ಎರಡು ಸಲವೂ ಬಾಗಿಲಿಂದಲೇ ವಾಪಸಾದ. ಕೊನೆಗೆ ಮದುವೆಯಾದ ಮೇಲೆಯೇ ಅವನಿಗೆ ಉತ್ತರ ಸಿಕ್ಕಿದ್ದು. ರಕ್ತವನ್ನು ಇವತ್ತಿಗೂ ಕೊಟ್ಟಿಲ್ಲ.

ಮನೆಯಲ್ಲಿ ಈ ವಿದ್ಯೆಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಅಲ್ಲಿ ಅತ್ತೆ ಇದ್ದರು.

ಅತ್ತೆ ಮೂವತ್ತು ವರ್ಷ ಒಂದು ಸಿನಿಮಾ ಟಾಕೀಸಿನ ಹೆಂಗಸರ ಕೌಂಟರಿನಲ್ಲಿ ಟಿಕೆಟು ಕೊಟ್ಟವರು. ಕೈ ಮಾತ್ರ ತೂರುವ ಕಿಂಡಿಯ ಹಿಂದೆ ಕೂತು ಕೂತು ಅವರ ಮಾತೂ ಹಾಗೇ ಆಗಿತ್ತು, ಚಿಕ್ಕದು, ಸರಕ್ಕನೆ ಹರಿದು ಕೊಡುವಂಥದ್ದು. ಆಟ ಶುರುವಾಗಿ, ತಡವಾಗಿ ಬಂದವರೂ ಒಳಗೆ ಹೋಗಿ, ಕೌಂಟರಿನ ಕೆಲಸ ಮುಗಿಸಿ ಅವರು ಒಳಗೆ ನುಸುಳುವ ಹೊತ್ತಿಗೆ ಇಂಟರ್ವಲ್ ಆಗಿರುತ್ತಿತ್ತು. ಹಾಗಾಗಿ ಆ ಕಾಲದ ಸಿನಿಮಾಗಳೆಲ್ಲ ಅವರಿಗೆ ಅರ್ಧರ್ಧ ಗೊತ್ತು, ಇಂಟರ್ವಲ್‌ನಿಂದ ಈಚೆಗೆ. ಯಾರು ಯಾಕೆ ಮನೆ ಬಿಟ್ಟು ಹೋದರು, ಅವಳಿಗೂ ಇವನಿಗೂ ಏನು ಸಂಬಂಧ ಎಂಬುದು ಗೊತ್ತಿಲ್ಲ. ಮನೆ ಬಿಟ್ಟವರು ವಾಪಸು ಬಂದದ್ದು, ಅಳುತ್ತಿದ್ದವರು ನಕ್ಕಿದ್ದು ಮಾತ್ರ ಗೊತ್ತು. ಸೊಸೆ ಯಾವುದಕ್ಕಾದರೂ ತಲೆ ಕೆಡಿಸಿಕೊಂಡರೆ ಅವರ ಸಮಾಧಾನ ಒಂದೇ: "ಮೊದಲರ್ಧ ಹಾಳಾಗಿ ಹೋಗ್ಲಿ ಬಿಡೇ. ಕೊನೆಗೆಲ್ಲಾ ಸರಿಹೋಗುತ್ತೆ. ನಾನು ನೋಡಿದೀನಿ."

ಸೊಸೆಯ ಪ್ರಶ್ನೆಗಳನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅವಳು, "ಅತ್ತೆ, ಬೆರಳು ಎಳೆದಾಗ ಟಪ್ ಅನ್ನುತ್ತಲ್ಲ, ಅದಕ್ಕೆ ಏನಂತಾರೆ?" ಎಂದು ಶುರುಮಾಡಿದರೆ, "ಅದರಿಂದ ಹೊಟ್ಟೆ ತುಂಬುತ್ತಾ? ತಿನ್ನು ಸುಮ್ನೆ" ಅನ್ನುತ್ತಿದ್ದರು. ನೆಟಿಕೆ ಎಂಬ ಉತ್ತರವನ್ನು ಅವಳು ಗೋಡೆಗೇ ಹೇಳಬೇಕಾಗುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ನಡೆಯುತ್ತಿತ್ತು, ಒಬ್ಬರು ಕೇಳುವುದು, ಇನ್ನೊಬ್ಬರು ಕೇಳಿಸಿಕೊಳ್ಳದ ಹಾಗೆ ಇರುವುದು. ಕೇಳಿಸಿಕೊಳ್ಳದ ಹಾಗೆ ಇರುವುದು ಬೇರೆ, ಕೇಳಿಸಿಕೊಳ್ಳದೆ ಇರುವುದು ಬೇರೆ ಎಂಬುದು ಸೂಜಿ ಅಕ್ಕನಿಗೆ ಆಗ ಹೊಳೆದಿರಲಿಲ್ಲ.

ಸೊಸೆಯ ಕುತ್ತಿಗೆಯಲ್ಲಿದ್ದ ಗಂಟನ್ನು ಮೊದಲು ಕಂಡವರು ಅತ್ತೆಯೇ. ಒಂದು ಮಧ್ಯಾಹ್ನ ಸೊಸೆ ಚೊಂಬೆತ್ತಿ ನೀರು ಕುಡಿಯುತ್ತಿದ್ದಾಗ, ಎದುರಿಗೆ ಕೂತವರು ತಟ್ಟನೆ, "ಇನ್ನೊಂದ್ಸಲ ನುಂಗು" ಎಂದರು. ಅವಳು ನುಂಗಿದಳು. "ಅದೇನೇ ಕುತ್ತಿಗೆಯಲ್ಲಿ ಮೇಲೆ ಕೆಳಗೆ ಆಡ್ತಿದೆ?" ಸೂಜಿ ಅಕ್ಕ ಬೆರಳಿಟ್ಟು ನೋಡಿಕೊಂಡಳು. ಒಂದು ಸಣ್ಣ ಗಂಟು, ಗೋಲಿಯಷ್ಟು, ಕುತ್ತಿಗೆಯ ಮುಂಭಾಗದಲ್ಲಿ ಎಡಕ್ಕೆ.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದ್ದಾಯಿತು. ಅಲ್ಲಿನ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ಇಂಥ ಗಂಟುಗಳಲ್ಲಿ ಹೆಚ್ಚಿನವು ಏನೂ ಆಗಿರಲ್ಲ. ಹಾಗಂತ ನೋಡದೆ ಹೇಳೋಕಾಗಲ್ಲ. ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆ ಮಾಡಿಬಿಡೋಣ." ಅಂದರೆ ಗಂಟಿಗೇ ಸೂಜಿ ಚುಚ್ಚಿ, ಬಂದ ಒಂದೆರಡು ಹನಿಯನ್ನು ಗಾಜಿನ ಮೇಲೆ ಹಚ್ಚಿ, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ನೋಡುವುದು. ಡಾಕ್ಟರ ಬಾಯಲ್ಲಿ ಆ ಪದ ಬರಲಿಲ್ಲ. ಚಿತ್ರವಿಚಿತ್ರ ಪದಗಳನ್ನೆಲ್ಲ ಬಾಯಿ ಚಪ್ಪರಿಸಿ ಸವಿಯುವ ಸೂಜಿ ಅಕ್ಕನಿಗೂ ಆ ಒಂದು ಪದ ಬಾಯಿಗೆ ಬೇಡವಾಗಿತ್ತು.

ಈಗ ನಿಜ ಹೇಳಿಬಿಡಬೇಕು. ಊರಿಗೆಲ್ಲ ಚುಚ್ಚುವ ಸೂಜಿ ಅಕ್ಕನಿಗೆ ತನಗೆ ಚುಚ್ಚಿಸಿಕೊಳ್ಳುವುದೆಂದರೆ ಪ್ರಾಣಭಯ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಲ್ಯಾಬಿನವರು ನಗುತ್ತಿದ್ದರು. ಅವಳೇ ಕಂಡುಹಿಡಿದ ಮದ್ದು ಅವಳಿಗೇ ನಾಟುವಂತಿರಲಿಲ್ಲ. ಯಾರು ಯಾವ ಪ್ರಶ್ನೆ ಕೇಳಿದರೂ ಉತ್ತರ ಅವಳಿಗೆ ಗೊತ್ತಿರುತ್ತದೆ. ಜಿರಾಫೆಗೆ ಏಳು, ಚಿಟ್ಟೆಗೆ ಕಾಲು, ಕುದುರೆಗೆ ಚಿಪ್ಪು. ಕಣ್ಣು ಮೂಲೆಗೆ ಹೋಗುವ ಪ್ರಶ್ನೆಯೇ ಇಲ್ಲ.

ಆ ದಿನ ಗಂಡ ಬೆಳಿಗ್ಗೆಯಿಂದ ಎದೆಯುಬ್ಬಿಸಿಕೊಂಡು "ನಾನಿರ್ತೀನಿ ಪಕ್ಕದಲ್ಲಿ" ಎಂದವನು, ಸೂಜಿ ಕೋಣೆಯ ಬಾಗಿಲ ತನಕ ಬಂದು, ಒಳಗಿನ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ಬೆಳ್ಳಗಾಗಿ ಗೋಡೆ ಹಿಡಿದುಕೊಂಡ. ಅತ್ತೆ ಅವನ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿದರು. "ನೀನು ಬಿದ್ರೆ ನಿನ್ನ ಎತ್ತೋಕೆ ಇನ್ನಿಬ್ರು ಬೇಕು. ಇಲ್ಲೇ ಕೂತಿರು." ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಒಳಗೆ ಬಂದರು. ಸೂಜಿ ಹಾಕುವ ಡಾಕ್ಟರಮ್ಮ ಹೊರಗಿರಿ ಎಂದರೆ, "ನಾನು ಅವಳ ಅತ್ತೆ" ಎಂದರು, ಅದೊಂದು ದೊಡ್ಡ ಹುದ್ದೆ ಎಂಬ ಹಾಗೆ. ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳಲು ತಿರುಗಿದರು.

ಸೂಜಿ ಅಕ್ಕನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಹೆಗಲ ಕೆಳಗೆ ದಿಂಬಿಟ್ಟು, ತಲೆ ಹಿಂದಕ್ಕೆ ಬಾಗಿಸಿದರು. ಕುತ್ತಿಗೆ ಪೂರ್ತಿ ಬಯಲಾಯಿತು. ಕಣ್ಣಿಗೆ ಬಿಳೀ ಛಾವಣಿ ಬಿಟ್ಟರೆ ಬೇರೇನೂ ಕಾಣದು. ಬಾಗಿಲು ಮುಚ್ಚಿದ ಸದ್ದು ಕೇಳಿತು. "ಸೂಜಿ ಒಳಗಿದ್ದಾಗ ಮಾತಾಡಬೇಡಿ, ನುಂಗಬೇಡಿ, ಅಲ್ಲಾಡಬೇಡಿ" ಎಂದರು ಡಾಕ್ಟರಮ್ಮ. ಕೈಕಾಲು ತಣ್ಣಗಾದವು. ಇಷ್ಟು ವರ್ಷ ಕುರ್ಚಿಯಲ್ಲಿ ಕೂತವರ ಮುಖದಲ್ಲಿ ಕಂಡಿದ್ದ ಹೆದರಿಕೆ ಇದೇ ಇರಬೇಕು ಎಂದುಕೊಂಡಳು. ಪಾಪ, ಎಲ್ಲರೂ ಇದನ್ನು ಹೊತ್ತುಕೊಂಡೇ ಮೆಟ್ಟಿಲು ಹತ್ತಿ ಬರುತ್ತಿದ್ದರು.

ಅಷ್ಟರಲ್ಲಿ ಅವಳ ಕಾಲಿನ ಹೆಬ್ಬೆರಳನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡರು. ಮಂಚದ ಕೊನೆಯಿಂದ ಅತ್ತೆಯ ದನಿ ಬಂತು.

"ಲೇ, ಒಂದು ಪಿಕ್ಚರ್ ಇತ್ತು. ನಿನಗೆ ಗೊತ್ತಿರಬೇಕು. ನಿನಗೆ ಗೊತ್ತಿಲ್ಲದ್ದು ಯಾವುದಿದೆ? ನಾನು ಇಂಟರ್ವಲ್ ಆದ್ಮೇಲೆ ಒಳಗೆ ಹೋದೆ. ಒಬ್ಳು ಹೆಂಗಸು. ಮನೆ ಹೋಗುತ್ತೆ, ಅಳಲ್ಲ. ಮಗ ಜಗಳ ಆಡ್ಕೊಂಡು ದೂರ ಹೋಗ್ತಾನೆ, ಅಳಲ್ಲ. ಕಲ್ಲು. ಎದುರಿಗೆ ನಿಂತೋರು ಅತ್ರೂ ಅವಳು ಅಳಲ್ಲ. ಕೊನೆಗೆ ಎಲ್ಲಿಗೋ ಬರ್ತಾಳೆ. ಅಲ್ಲೊಂದು ಬಾಗಿಲು. ಮೊಳೆಗೆ ಒಂದು ಛತ್ರಿ ನೇತು ಹಾಕಿದೆ. ಹಳದಿ ಛತ್ರಿ. ಒಂದು ಕಡ್ಡಿ ಹೊರಗೆ ಬಂದಿದೆ. ಹಿಡಿಗೆ ನೀಲಿ ದಾರ ಸುತ್ತಿದೆ..."

ಕುತ್ತಿಗೆಗೆ ಏನೋ ತಣ್ಣಗೆ ತಾಗಿತು.

"...ಆ ಛತ್ರಿ ನೋಡಿದ್ದೇ ತಡ, ಆ ಕಲ್ಲಿನಂಥ ಹೆಂಗಸು ಗೊಳೋ ಅಂತ ಅಳೋಕೆ ಶುರುಮಾಡ್ತಾಳೆ. ಯಾಕೆ? ಅಷ್ಟು ಮಾತ್ರ ನನಗೆ ಗೊತ್ತಾಗ್ಲೇ ಇಲ್ಲ. ಮೊದಲರ್ಧ ನೋಡಿಲ್ವಲ್ಲ. ಯಾಕೆ ಅತ್ತಳು, ಹೇಳು?"

ಛತ್ರಿ ಗಂಡನದೋ? ಅಲ್ಲ, ಗಂಡ ಇದ್ದಿದ್ದರೆ ಅತ್ತೆ ಹೇಳುತ್ತಿದ್ದರು. ಮಗ ಚಿಕ್ಕವನಿದ್ದಾಗ ಕಳೆದುಕೊಂಡದ್ದೋ? ನೀಲಿ ದಾರ ಯಾರು ಸುತ್ತಿದ್ದು? ಹಳದಿ ಛತ್ರಿ ಬರುವ ಪಿಕ್ಚರ್ ಯಾವುದು? ಎಲ್ಲೋ ಕೇಳಿದ ಹಾಗಿದೆ, ಪೋಸ್ಟರಿನಲ್ಲಿ ಕಂಡ ಹಾಗಿದೆ, ನಾಲಿಗೆಯ ತುದಿಯಲ್ಲೇ ಇದೆ. ಸೂಜಿ ಅಕ್ಕನ ಕಣ್ಣು ಛಾವಣಿಯ ಬಲಮೂಲೆಗೆ ಹೋಗಿ ನಿಂತಿತು.

"ಮುಗೀತಮ್ಮ, ಏಳಿ" ಎಂದರು ಡಾಕ್ಟರಮ್ಮ.

"ಆಯ್ತಾ? ಇಷ್ಟೇನಾ?" ಎಂಬ ಮಾತು ಅವಳ ಬಾಯಿಂದಲೇ ಬಂತು. ಬಂದ ಮೇಲೆ ತಾನೇ ನಾಚಿಕೊಂಡಳು. ಎದ್ದು ಕೂರುವಷ್ಟರಲ್ಲಿ ಅತ್ತೆ ಬಾಗಿಲು ತೆಗೆದು ಹೊರಗೆ ನಡೆದಾಗಿತ್ತು.

ವರದಿ ಬರಲು ಒಂದು ವಾರ ಎಂದಿದ್ದರು. ಆ ವಾರ ಹೇಗೆ ಕಳೆಯುತ್ತದೆ ಎಂದು ಗಂಡ ಕೈ ಕೈ ಹಿಸುಕಿಕೊಂಡ. ಕಳೆದದ್ದು ಹಳದಿ ಛತ್ರಿಯಿಂದ. ಅತ್ತೆ ತಲೆಗೆ ಬಿಟ್ಟ ಹುಳ ಸಾಮಾನ್ಯದ್ದಲ್ಲ. ಮರುದಿನ ಕೆಲಸಕ್ಕೆ ಹೋದ ಕೂಡಲೇ ಸೂಜಿ ಅಕ್ಕ ಜಿರಾಫೆ, ಚಿಟ್ಟೆಗಳಿಗೆ ರಜೆ ಕೊಟ್ಟು, ಕುರ್ಚಿಗೆ ಬಂದವರಿಗೆಲ್ಲ ಇದನ್ನೇ ಕೇಳಲು ಶುರುಮಾಡಿದಳು. ಈ ಸಲ ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಮೊದಲು ಸಿಕ್ಕಿದವರು ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. "ಓ, ಆ ಪಿಕ್ಚರಾ! ಮೊದಲ ಸೀನಲ್ಲೇ ಇದೆಯಲ್ಲಮ್ಮ. ಅಣ್ಣ ಮಳೇಲಿ ಛತ್ರಿ ತಂಗಿಗೆ ಕೊಟ್ಟು ತಾನು ನೆನ್ಕೊಂಡು ಹೋಗ್ತಾನೆ, ಮತ್ತೆ ಬರೋದೇ ಇಲ್ಲ. ಆಗಿನ ಬ್ಲ್ಯಾಕ್ ಅಂಡ್ ವೈಟ್ ಪಿಕ್ಚರ್‌ಗಳ ಗತ್ತೇ ಬೇರೆ" ಎಂದರು. ಬ್ಲ್ಯಾಕ್ ಅಂಡ್ ವೈಟಿನಲ್ಲಿ ಛತ್ರಿ ಹಳದಿ ಎಂದು ಹೇಗೆ ಗೊತ್ತಾಯಿತು ಸಾರ್ ಎಂದು ಕೇಳಿದ್ದಕ್ಕೆ, "ಕಲಾವಿದನ ಕಣ್ಣಿಗೆ ಗೊತ್ತಾಗುತ್ತೆ" ಎಂದು ಹತ್ತಿ ಒತ್ತಿಕೊಂಡು ಎದ್ದರು.

ಟ್ಯಾಕ್ಸಿ ಓಡಿಸುವವನು ತಾನು ಅದನ್ನು ಮೂರು ಸಲ ನೋಡಿದೆ ಎಂದು ಆಣೆ ಇಟ್ಟ. ಅದು ಅವಳಿ ಜವಳಿ ಅಕ್ಕತಂಗಿಯರ ಕಥೆ, ಛತ್ರಿ ಕಳೆದುಹೋದ ಅಕ್ಕನದು. ಒಬ್ಬ ವಕೀಲರಿಗೆ ಕಥೆ ಮರೆತಿತ್ತು, ಹಾಡು ಮಾತ್ರ ನೆನಪಿತ್ತು. ಅವರು ಗುನುಗಿದ್ದು ಹಾಡೋ ಕೆಮ್ಮೋ ಹೇಳುವುದು ಕಷ್ಟ. ಬೇಕರಿಯ ಯಜಮಾನಿ, "ಇನ್ನೇನಿರುತ್ತೆ? ಅದು ಅವಳ ಅಮ್ಮನ ಛತ್ರಿ. ಅಮ್ಮನ ಸಾಮಾನು ಕಂಡ್ರೆ ಎಂಥಾ ಕಲ್ಲೂ ಕರಗುತ್ತೆ" ಎಂದವಳು ತಾನೇ ಕಣ್ಣೊರೆಸಿಕೊಂಡಳು, ರಕ್ತ ತೆಗೆದದ್ದು ಅವಳಿಗೆ ತಿಳಿಯಲೇ ಇಲ್ಲ. ಕಾಲೇಜಿನ ಹುಡುಗಿಯೊಬ್ಬಳು ಮಾತ್ರ ಫೋನು ತೆಗೆದು ಹುಡುಕಿ, "ಆಂಟಿ, ಅಂಥ ಸಿನಿಮಾನೇ ಇಲ್ಲ" ಎಂದಳು. ಹೊರಗಿನ ಬೆಂಚಿನಿಂದ ಮೂವರು ಒಟ್ಟಿಗೆ ಅವಳ ಮೇಲೆ ಬಿದ್ದರು: "ನಿನ್ನ ಫೋನು ಹುಟ್ಟೋಕೆ ಮುಂಚಿನದಮ್ಮ ಅದು! ಅದಕ್ಕೇನು ಗೊತ್ತು?"

ಸೂಜಿ ಅಕ್ಕನಿಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷದ ಅವಳ ಸಂಗ್ರಹದಲ್ಲಿ ಇಂಥ ಪ್ರಶ್ನೆ ಒಂದೂ ಇರಲಿಲ್ಲ. ಯಾರೂ ಕೈಚೆಲ್ಲುವುದಿಲ್ಲ, ಯಾರಿಗೂ ಪೂರ್ತಿ ಸಿಗುವುದಿಲ್ಲ. ಸಂಜೆ ಮನೆಗೆ ಬಂದ ಕೂಡಲೇ ಅತ್ತೆ, "ಇವತ್ತು ಯಾರು ನೋಡಿದ್ರಂತೆ?" ಎಂದು ಕೇಳುತ್ತಿದ್ದರು. ಅವಳು ಮೇಷ್ಟ್ರ ಕಥೆ, ಟ್ಯಾಕ್ಸಿಯವನ ಕಥೆ ಒಪ್ಪಿಸುತ್ತಿದ್ದಳು. ಅತ್ತೆ ತುಟಿ ಬಿಗಿಹಿಡಿದು ಕೇಳಿ, "ಇರಬಹುದು. ಆದ್ರೆ ನನಗೆ ಹಾಗನ್ನಿಸಲ್ಲ" ಎಂದು ಹೇಳಿ, ಇಲ್ಲದ ಕೆಲಸ ನೆನಪು ಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಒಳಗಿನಿಂದ ಪಾತ್ರೆಯ ಸದ್ದಿನ ಜೊತೆಗೆ ಬೇರೇನೋ ಸದ್ದು ಕೇಳಿಸುತ್ತಿತ್ತು. ಅವಳು ಕೆಮ್ಮು ಎಂದುಕೊಂಡಿದ್ದಳು.

ಹೆದರಿಕೆ ಇರಲಿಲ್ಲವೆಂದಲ್ಲ. ಕೈ ತೊಳೆಯುವಾಗ ಎದುರಿಗೆ ಕನ್ನಡಿ ಇರುತ್ತದೆ, ಕನ್ನಡಿಯಲ್ಲಿ ಕುತ್ತಿಗೆ ಇರುತ್ತದೆ. ಬೆರಳು ತಾನಾಗಿ ಗಂಟಿನ ಕಡೆ ಹೋಗುತ್ತಿತ್ತು. ಅಷ್ಟರಲ್ಲಿ ಮುಂದಿನವರು ಬಂದು ಕೂತಿರುತ್ತಿದ್ದರು, ಅವಳು ಕೈ ಒರೆಸಿಕೊಂಡು, "ಒಂದು ಹಳೇ ಪಿಕ್ಚರ್ ಇತ್ತು..." ಎಂದು ಶುರುಮಾಡುತ್ತಿದ್ದಳು.

ವರದಿಯ ದಿನ ಅತ್ತೆ ಬರಲಿಲ್ಲ. ಮಂಡಿ ನೋವು ಎಂದರು. ಹಿಂದಿನ ದಿನ ಅದೇ ಮಂಡಿಯಲ್ಲಿ ಸ್ಟೂಲು ಹತ್ತಿ ಅಟ್ಟದ ಧೂಳು ಹೊಡೆದಿದ್ದರು. ಜೀವಮಾನವಿಡೀ ಕೊನೆಯನ್ನೇ ನೋಡಿದ ಹೆಂಗಸು, ಈ ಒಂದು ಕೊನೆಯನ್ನು ನೋಡಲು ಬರಲಿಲ್ಲ. ಸೂಜಿ ಅಕ್ಕ ಒತ್ತಾಯ ಮಾಡಲಿಲ್ಲ.

ಸ್ಕ್ಯಾನ್ ನೋಡಿದ್ದ ಡಾಕ್ಟರು ಲಕೋಟೆ ಬಿಡಿಸಿದರು, ಕನ್ನಡಕ ಸರಿಮಾಡಿಕೊಂಡರು. ಗಂಡ ಮೇಜಿನ ಅಂಚು ಹಿಡಿದುಕೊಂಡ. ಅವರು ಓದಿ ಮುಗಿಸಲು ತೆಗೆದುಕೊಂಡ ಹೊತ್ತು ಶುಕ್ರಗ್ರಹದ ದಿನಕ್ಕಿಂತ ಉದ್ದವಾಗಿತ್ತು. ಆಮೇಲೆ ಅಡ್ಡಗೋಡೆಯನ್ನು ಪಕ್ಕಕ್ಕಿಟ್ಟು ನೇರವಾಗಿ ಹೇಳಿದರು.

"ಕ್ಯಾನ್ಸರ್ ಅಲ್ಲಮ್ಮ. ಸಾದಾ ಗಂಟು. ಆಗಾಗ ಬಂದು ತೋರಿಸ್ಕೊಂಡು ಹೋಗಿ, ಸಾಕು."

ಹೋದ ಜೀವ ಬಂದಂತಾಯಿತು. ಒಂದು ವಾರದಿಂದ ಹೆಗಲ ಮೇಲೆ ಕೂತಿದ್ದ ಭಾರ ಸರ್ರನೆ ಇಳಿಯಿತು. ಅವಳಿಗೆ ನಗು ಬಂತು, ಅದರ ಹಿಂದೆಯೇ ಬಿಕ್ಕಳಿಕೆ ಬಂತು. ಗಂಡ ಮುಖ ಆ ಕಡೆ ತಿರುಗಿಸಿಕೊಂಡು ಕರವಸ್ತ್ರ ಹುಡುಕಿದ, ಸಿಗದೆ ಅಂಗಿಯ ತೋಳಿನಲ್ಲೇ ಒರೆಸಿಕೊಂಡ. ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿ, "ಏನೂ ಇಲ್ಲಮ್ಮ! ಏನೂ ಇಲ್ಲ!" ಎಂದು ಕಾರಿಡಾರಿನವರೆಲ್ಲ ತಿರುಗುವಷ್ಟು ಜೋರಾಗಿ ಕೂಗಿದ. ಆ ಕಡೆಯಿಂದ "ಸರಿ. ಬರ್ತಾ ಹಾಲು ತಗೊಂಡು ಬನ್ನಿ" ಎಂದು ಫೋನು ಇಟ್ಟದ್ದು ಕೇಳಿಸಿತು.

"ನೋಡು, ಎಂಥಾ ಅಮ್ಮ!" ಎಂದ ಗಂಡ.

ಸೂಜಿ ಹಾಕಿದ ಡಾಕ್ಟರಮ್ಮನಿಗೂ ಒಂದು ಮಾತು ಹೇಳಿ ಹೋಗೋಣ ಎಂದು ಸೂಜಿ ಅಕ್ಕ ಆ ಕೋಣೆಯ ಬಾಗಿಲು ತಟ್ಟಿದಳು. ಗಂಡ ದೂರದಲ್ಲೇ ನಿಂತ. "ಬನ್ನಿ, ಏಸಿ ಹಾಕಿದೆ, ಬಾಗಿಲು ಹಾಕ್ಕೊಂಡು ಬನ್ನಿ" ಎಂದರು ಒಳಗಿನಿಂದ. ಅವಳು ಒಳಗೆ ಹೋಗಿ, ತಿರುಗಿ ಬಾಗಿಲು ಹಾಕಿದಳು. ಹಾಕಿದವಳು ಹಾಗೇ ನಿಂತುಬಿಟ್ಟಳು.

ಬಾಗಿಲ ಹಿಂದೆ ಮೊಳೆಗೆ ಒಂದು ಛತ್ರಿ ನೇತಾಡುತ್ತಿತ್ತು. ಹಳದಿ ಛತ್ರಿ. ಒಂದು ಕಡ್ಡಿ ಹೊರಗೆ ಬಂದಿತ್ತು. ಹಿಡಿಗೆ ನೀಲಿ ದಾರ ಸುತ್ತಿತ್ತು.

"ಅದಾ? ಯಾರೋ ಪೇಷಂಟ್ ಬಿಟ್ಟುಹೋಗಿದ್ದು" ಎಂದರು ಡಾಕ್ಟರಮ್ಮ. "ಮಳೆಗಾಲ ಮುಗಿದ್ರೂ ಕೇಳೋಕೆ ಬಂದಿಲ್ಲ. ಬೇಕಿದ್ರೆ ತಗೊಂಡು ಹೋಗಿ."

ಅವಳು ತೆಗೆದುಕೊಳ್ಳಲಿಲ್ಲ. ಹೇಳಲು ಬಂದದ್ದನ್ನೂ ಅರ್ಧಕ್ಕೇ ಹೇಳಿ ಹೊರಗೆ ಬಂದಳು. ದಾರಿಯುದ್ದಕ್ಕೂ ಗಂಡ ಏನೇನೋ ಹೇಳುತ್ತಿದ್ದ, ಅವಳು ಹೂಂ ಎನ್ನುತ್ತಿದ್ದಳು. ಬ್ಲ್ಯಾಕ್ ಅಂಡ್ ವೈಟ್ ಮೇಷ್ಟ್ರು, ಮೂರು ಸಲ ನೋಡಿದ ಟ್ಯಾಕ್ಸಿಯವನು, ಕಣ್ಣೊರೆಸಿಕೊಂಡ ಬೇಕರಿ ಯಜಮಾನಿ ಒಬ್ಬೊಬ್ಬರಾಗಿ ನೆನಪಿಗೆ ಬಂದರು. ಅವಳೊಬ್ಬಳೇ ನಗುವುದನ್ನು ಕಂಡು ಗಂಡ, ಖುಷಿಗೆ ಹೀಗೂ ಆಗುತ್ತದೆ ಎಂದುಕೊಂಡ.

ಮನೆಯಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು, ಆಗಲೇ ಮಡಚಿದ್ದ ಬಟ್ಟೆಗಳನ್ನು ಬಿಡಿಸಿ ಮತ್ತೆ ಮಡಚುತ್ತಿದ್ದರು. ಕಣ್ಣು ಕೆಂಪಾಗಿತ್ತು. "ಹಾಲು ತಂದ್ರಾ?" ಎಂದರು. ತಂದಿರಲಿಲ್ಲ. ಗಂಡ ನಾಲಿಗೆ ಕಚ್ಚಿಕೊಂಡು ಬಂದ ಕಾಲಲ್ಲೇ ಅಂಗಡಿಗೆ ಓಡಿದ.

ಸೂಜಿ ಅಕ್ಕ ಅತ್ತೆಯ ಎದುರು ನೆಲದ ಮೇಲೆ ಕೂತಳು.

"ಅತ್ತೆ, ಛತ್ರಿ ಸಿಕ್ತು. ಬಾಗಿಲ ಹಿಂದೆ ಇದೆ."

ಅತ್ತೆಯ ಕೈ ನಿಂತಿತು. ಸೊಸೆಯ ಮುಖ ನೋಡಿದರು. ತುಟಿ ಬಿಗಿಹಿಡಿಯಲು ನೋಡಿದರು, ಈ ಸಲ ಆಗಲಿಲ್ಲ. ಒಂದು ವಾರದಿಂದ ಅಡುಗೆಮನೆಯಲ್ಲಿ ಕೆಮ್ಮಾಗಿ ಹೊರಟಿದ್ದ ನಗು ಈಗ ನಗುವಾಗಿಯೇ ಹೊರಗೆ ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, "ಮೂರು ಸಲ ನೋಡಿದ್ನಂತೆ!" ಎಂದರು. "ಹಾಡು ಬೇರೆ ಇತ್ತಂತೆ!" ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ನಗು ಇಳಿದ ಮೇಲೆ ಸೊಸೆ ಕೇಳಿದಳು, "ಪ್ರಶ್ನೆ ಹೀಗೇ ಇರ್ಬೇಕು ಅಂತ ನಿಮಗೆ ಹೇಗೆ ಗೊತ್ತು?"

"ದಿನಾ ಊಟಕ್ಕೆ ಕೂತಾಗ ಹೇಳ್ತೀಯಲ್ಲ. ಸುಲಭ ಇರಬಾರ್ದು, ಕಷ್ಟಾನೂ ಇರಬಾರ್ದು, ನಾಲಿಗೆ ತುದೀಲಿ ಇರ್ಬೇಕು ಅಂತ. ನನಗೇನು ಕಿವಿ ಇಲ್ವಾ? ನೆಟಿಕೆ, ಚೋಟು, ಜಿರಾಫೆಗೆ ಏಳು. ಎಲ್ಲಾ ಗೊತ್ತು."

"ಹಾಗಾದ್ರೆ ಉತ್ತರ ಹೇಳಿ. ಹತ್ತಿ ಒತ್ತಿ ಆಯ್ತಲ್ಲ. ಆ ಹೆಂಗಸು ಯಾಕೆ ಅತ್ತಳು?"

ಅತ್ತೆ ಒಂದು ಟವೆಲು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದರು. ಮತ್ತೆ ಬಿಡಿಸಿದರು. ಮಾತಾಡಿದಾಗ ಅವರ ಕಣ್ಣು ಟವೆಲಿನ ಮೇಲೇ ಇತ್ತು.

"ಅವಳಿಗೆ ಸೊಸೆ ಕುತ್ತಿಗೆಗೆ ಸೂಜಿ ಹೋಗೋದು ನೋಡೋಕಾಗಲಿಲ್ಲ. ಬಾಗಿಲ ಕಡೆ ತಿರುಗಿ ನಿಂತಳು. ಅಲ್ಲಿ ಛತ್ರಿ ಇತ್ತು. ಅಳು ಬಂತು, ಬಿಟ್ರೆ ನಿನಗೆ ಕೇಳಿಸುತ್ತೆ. ಅದಕ್ಕೆ ಪಿಕ್ಚರ್ ಅಂತ ಹೇಳಿಬಿಟ್ಟಳು." ಟವೆಲನ್ನು ತಟ್ಟಿ ಪಕ್ಕಕ್ಕಿಟ್ಟರು. "ಅಷ್ಟೇ ಕಥೆ."

ಸೂಜಿ ಅಕ್ಕ ಅತ್ತೆಯ ಮಡಿಲಲ್ಲಿದ್ದ ಬಟ್ಟೆಗಳನ್ನು ಸರಿಸಿ ಅಲ್ಲಿ ತಲೆಯಿಟ್ಟಳು. ಕೊನೆಗೆ ಬಾಯಿಗೆ ಬಂದದ್ದು ದಿನಾ ಕೇಳಿ ಕೇಳಿ ರೂಢಿಯಾಗಿದ್ದ ಮಾತೇ.

"ಇಷ್ಟೇನಾ?"

"ಹೂಂ, ಇಷ್ಟೇ" ಎಂದು ಅತ್ತೆ ಅವಳ ತಲೆ ಸವರಿದರು. "ಮುಗೀತು."